ಪದ ಪರಿಚಯ: ಮೂಲಭೂತ ಹಕ್ಕಿಗೆ ಆಧಾರ ಏನು?

ನಮ್ಮ ಸಂವಿಧಾನದ 3ನೇ ಭಾಗದಲ್ಲಿ, 12ರಿಂದ 35ರವರೆಗಿನ ವಿಧಿಗಳಲ್ಲಿ ಮೂಲಭೂತ ಹಕ್ಕುಗಳಿವೆ. ಇವನ್ನು ಕಸಿಯುವ ಕಾನೂನು ಬಂದರೆ ಅದು ಅಷ್ಟರ ಮಟ್ಟಿಗೆ ಅಸಿಂಧು ಎಂದು 13ನೇ ವಿಧಿ ಹೇಳುತ್ತದೆ. ಇಷ್ಟು ಶಾಲೆಯಲ್ಲೇ ಓದಿರುತ್ತೇವೆ. ಕಷ್ಟದ ಪ್ರಶ್ನೆ ಬೇರೆ ಇದೆ. ಪ್ರಜಾಪ್ರಭುತ್ವ ಅಂದಮೇಲೆ ಹೆಚ್ಚು ಜನ ಹೇಳಿದ್ದೇ ನಡೆಯಬೇಕು, ಅಲ್ವಾ? ಜನರೇ ಆರಿಸಿದ ಸಭೆಗೆ ಬೇಡ ಅನ್ನಲು ಈ ಹಕ್ಕುಗಳಿಗೆ ಬಲ ಎಲ್ಲಿಂದ ಬಂತು?

ಹೊಳಲ್ಕೆರೆ ಕಡೆಯ ಒಂದು ಹಳ್ಳಿ ಅಂದುಕೊಳ್ಳಿ. ಮಗಳು ಬೇರೆ ಜಾತಿಯವನನ್ನು ಮದುವೆಯಾದಳು ಅಂತ ಒಂದು ಮನೆಯನ್ನು ಊರಿಂದ ಹೊರಗಿಡಲು ಕಟ್ಟೆಯ ಮೇಲೆ ತೀರ್ಮಾನವಾಗುತ್ತದೆ. ಎಲ್ಲರೂ ಕೈ ಎತ್ತುತ್ತಾರೆ. ಮರುದಿನದಿಂದ ಅಂಗಡಿಯಲ್ಲಿ ಆ ಮನೆಗೆ ಸಾಮಾನಿಲ್ಲ, ಗಿರಣಿಯಲ್ಲಿ ಅವರ ರಾಗಿ ಬೀಸುವುದಿಲ್ಲ. ಲೆಕ್ಕ ನೋಡಿದರೆ ಇದೂ ಬಹುಮತವೇ. ಆದರೂ ಇದು ತಪ್ಪು ಅಂತ ನಮಗೆ ಗೊತ್ತು. ಏಕೆ ತಪ್ಪು ಅನ್ನುವುದಕ್ಕೆ ತತ್ತ್ವಶಾಸ್ತ್ರದಲ್ಲಿ ಹಲವು ಉತ್ತರಗಳಿವೆ.

ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಸರ್ಕಾರ ಇರುವುದೇ ಅದನ್ನು ಕಾಯಲು ಎಂದವನು 17ನೇ ಶತಮಾನದ ಜಾನ್ ಲಾಕ್. ಕಾನೂನಿಗೂ ಮೊದಲೇ ಹಕ್ಕಿದೆ ಅನ್ನುವುದು ಬರೀ ಬೊಗಳೆ ಎಂದು ಜೆರೆಮಿ ಬೆಂಥಮ್ ತಳ್ಳಿಹಾಕಿದ. ಅವನಿಗೆ ಮುಖ್ಯ ಜಾಸ್ತಿ ಜನರ ಸುಖ. ಆ ಲೆಕ್ಕದಲ್ಲಿ ಇಡೀ ಊರಿನ ಸಮಾಧಾನದ ಮುಂದೆ ಒಂದು ಮನೆಯ ನೋವು ಸಣ್ಣದಾಗಿಬಿಡುತ್ತದೆ. ನನಗೆ ಒಪ್ಪಿಗೆಯಾಗದ್ದು ಇದೇ. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ ಕಾಂಟ್ ಇಲ್ಲಿ ನೆರವಿಗೆ ಬರುತ್ತಾನೆ.

ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ ಯೋಚನೆ ನಮ್ಮ ಊರುಗಳಿಗೆ ಇನ್ನೂ ಹತ್ತಿರದ್ದು. ನೀವು ಯಾರಾಗಿ ಹುಟ್ಟುತ್ತೀರಿ ಅಂತ ಗೊತ್ತಿಲ್ಲದೆ ಸಮಾಜದ ನಿಯಮ ಬರೆಯಿರಿ, ಅನ್ನುತ್ತಾನೆ ಅವನು. ಯಾವ ಕೇರಿ, ಯಾವ ಜಾತಿ, ಹೆಣ್ಣೋ ಗಂಡೋ, ಒಂದೂ ಗೊತ್ತಿಲ್ಲ. ಆಗ ಬಹಿಷ್ಕಾರಕ್ಕೆ ಯಾರು ಕೈ ಎತ್ತುತ್ತಾರೆ?

ಹಕ್ಕು ಮತ್ತು ಜನರ ಆಳ್ವಿಕೆ ಒಂದಕ್ಕೊಂದು ಎದುರಲ್ಲ, ಎರಡೂ ಜೊತೆಗೇ ಹುಟ್ಟಿದವು ಎಂದವನು ಜರ್ಮನಿಯ ಹೇಬರ್ಮಾಸ್. ಬಾಯಿ ಬಿಡಲು ಹೆದರುವವನ ವೋಟನ್ನು ಸೇರಿಸಿ ಎಣಿಸಿದ ಬಹುಮತಕ್ಕೆ ಏನು ಬೆಲೆ? ನಮ್ಮ ಸಂವಿಧಾನ ಬರೆದವರಿಗೂ ಇದು ಗೊತ್ತಿತ್ತು. ಚಿತ್ರದುರ್ಗದ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ ಸ್ವಾತಂತ್ರ್ಯ ಹೋರಾಟದ ಕಾಲದ 1939ರ ತುರುವನೂರು ಸತ್ಯಾಗ್ರಹದಲ್ಲಿದ್ದವರು, ಮುಂದೆ ಸಂವಿಧಾನ ಬರೆದ ಸಭೆಯ ಸದಸ್ಯರೂ ಆದರು. ಆಳುವವರನ್ನು ಪ್ರಶ್ನಿಸಿ ಜೈಲು ಕಂಡ ಅನೇಕರು ಆ ಸಭೆಯಲ್ಲಿದ್ದರು. ಹಕ್ಕಿಲ್ಲದ ಬದುಕು ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಎಲ್ಲದರ ಒಳಗೆ ನನಗೆ ಕಾಣುವ ತಿರುಳು ಒಂದೇ: ನನ್ನ ಮೇಲೆ ಅಧಿಕಾರ ನಡೆಸುವವರು ನಾನೂ ಒಪ್ಪಬಹುದಾದ ಕಾರಣ ಕೊಡಬೇಕು. ದಾವಣಗೆರೆಯ ಜಯದೇವ ವೃತ್ತದಲ್ಲಿ ಧರಣಿ ಕೂತವರನ್ನೇ ನೋಡಿ. ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು 19ನೇ ವಿಧಿಯಲ್ಲಿದೆ. ಅದಕ್ಕೆ ಮಿತಿಯೂ ಇದೆ. ಆಂಬುಲೆನ್ಸ್‌ಗೆ ದಾರಿ ಬಿಡಿ ಅಂದರೆ ಅದು ಕಾರಣ. ನಿಮ್ಮ ಘೋಷಣೆ ನಮಗೆ ಹಿಡಿಸಲಿಲ್ಲ ಅಂದರೆ ಅದು ಕಾರಣವಲ್ಲ.

ಹಾಗಂತ ಈ ಹಕ್ಕುಗಳು ಕಲ್ಲಿನಲ್ಲಿ ಕೊರೆದವೇನಲ್ಲ. ಆಸ್ತಿಯ ಹಕ್ಕನ್ನು 1978ರ ತಿದ್ದುಪಡಿ ಈ ಪಟ್ಟಿಯಿಂದ ತೆಗೆಯಿತು. ಆದರೆ ತಿದ್ದುಪಡಿಯೂ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದು ನಿಂತಿರುವ ಮುಖ್ಯ ತತ್ತ್ವಗಳನ್ನು, ಕೆಡವುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಿದರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ತಮ್ಮ ಧರ್ಮದ ನಂಬಿಕೆಯಿಂದಾಗಿ ಹಾಡುತ್ತಿರಲಿಲ್ಲ, ಅಷ್ಟೇ. ಹೈಕೋರ್ಟಿನಲ್ಲಿ ಅವರು ಸೋತರು. ಮರುವರ್ಷ ಸುಪ್ರೀಂ ಕೋರ್ಟ್ ಅವರನ್ನು ಶಾಲೆಗೆ ವಾಪಸ್ ಸೇರಿಸಿಕೊಳ್ಳಿ ಎಂದಿತು. ಅವರ ಪರ ಎಷ್ಟು ಜನರಿದ್ದಾರೆ ಎಂದು ಕೋರ್ಟ್ ಎಣಿಸಲಿಲ್ಲ. ಹಾಡಲೇಬೇಕು ಅನ್ನುವ ಕಾನೂನು ಎಲ್ಲಿದೆ ಎಂದು ಹುಡುಕಿತು. ಇರಲಿಲ್ಲ.