ಗಾಡಿ ಎಷ್ಟು ಕೊಡುತ್ತೆ?

ಅಕ್ಕನ ಮಗನಿಗೆ ತುಮಕೂರಿನಲ್ಲಿ ಕೆಲಸ ಸಿಕ್ಕಿತು. ಮನೆ ಗುಬ್ಬಿಯಲ್ಲಿ. ಹೋಗಲು 20 ಕಿ.ಮೀ., ಬರಲು 20 ಕಿ.ಮೀ. "ಮಾವ, ಗಾಡಿ ತಗೋಬೇಕು, ಯಾವುದು ಅಂತ ನೀವೇ ಹೇಳಿ" ಎಂದು ಮೂರು ಬೈಕುಗಳ ಕರಪತ್ರಗಳನ್ನು ಜಮಖಾನದ ಮೇಲೆ ಹರಡಿದ. ಎಂಜಿನ್ನಿನ ಗಾತ್ರ ಒಂದರದ್ದು 100 ಸಿಸಿ, ಒಂದರದ್ದು 125, ಇನ್ನೊಂದರದ್ದು 350. ಅವನ ಅಜ್ಜಿ ಅಡುಗೆಮನೆಯಿಂದಲೇ "ನಂಬರು ಕೂಡಿದ್ರೆ ಎಂಟು ಬರದ ಹಾಗೆ ನೋಡ್ಕೊಳ್ಳೋ" ಎಂದರು. ಪಕ್ಕದ ಮನೆಯವರು ಬಂದು ಮೂರೂ ಕಾಗದ ತಿರುವಿ ಹಾಕಿ ಕೇಳಿದ್ದು ಒಂದೇ ಮಾತು: "ಎಷ್ಟು ಕೊಡುತ್ತೆ?"

ಪ್ರಶ್ನೆ ಸರಿಯಾದದ್ದೇ. ತಿಂಗಳ ಸಂಬಳದಲ್ಲಿ ಬಂಕಿಗೆ ಹೋಗುವ ಪಾಲು ಎಷ್ಟೆಂದು ಲೆಕ್ಕ ಹಾಕುವವರ ಪ್ರಶ್ನೆ ಅದು. ನನಗೆ ಬೇಸರ ತರುವುದು ಅದಕ್ಕೆ ಸಿಗುವ ಉತ್ತರಗಳು. ಮೈಲೇಜು ಎಂಬುದು ಒಂದೊಂದು ಕಂಪನಿಗೆ ಹುಟ್ಟಿನಿಂದ ಬಂದ ಗುಣ ಎನ್ನುವ ಹಾಗೆ ಜನ ಮಾತಾಡುತ್ತಾರೆ. ಕೆಲವರಿಗೆ ಅದು ಕೈಗುಣ, ಇನ್ನು ಕೆಲವರಿಗೆ ಗಾಡಿ ಮನೆಗೆ ಬಂದ ಗಳಿಗೆಯ ಗುಣ. ನಾನು ಹೇಳುವುದು ಇಷ್ಟೇ: ಎಂಜಿನ್ನಿನ ಗಾತ್ರಕ್ಕೂ ನೀವು ಅದರಿಂದ ದಿನಾ ತೆಗೆಯುವ ಕೆಲಸಕ್ಕೂ ಎಷ್ಟು ಹೊಂದಾಣಿಕೆ ಇದೆ ಎಂಬುದರ ಅಳತೆಯೇ ಮೈಲೇಜು. ಆ ಕೆಲಸ ಎಷ್ಟು ಸಣ್ಣದೆಂದು ಗೊತ್ತಾದರೆ ಆಶ್ಚರ್ಯವಾಗುತ್ತದೆ.

ಗಾಡಿ ಮತ್ತು ಸವಾರ ಸೇರಿ 180 ಕಿಲೋ ಎಂದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗ. ಎದುರುಗಾಳಿಯ ತಡೆ ಸುಮಾರು 64 ನ್ಯೂಟನ್, ಟೈರು ಉರುಳುವುದಕ್ಕೆ ಇರುವ ತಡೆ 36ರ ಆಸುಪಾಸು. ಒಟ್ಟು 100 ನ್ಯೂಟನ್. ಹತ್ತು ಕಿಲೋ ಅಕ್ಕಿಯ ಚೀಲವನ್ನು ಕೈಯಲ್ಲಿ ಎತ್ತಿ ಹಿಡಿಯಲು ಬೇಕಾಗುವಷ್ಟೇ ಬಲ! ಇದಕ್ಕೆ ಬೇಕಾದ ಶಕ್ತಿ 1,400 ವ್ಯಾಟ್‌ಗಿಂತ ಹೆಚ್ಚಿಲ್ಲ. ಸ್ನಾನದ ನೀರಿಗೆ ಇಳಿಬಿಡುವ ಕಾಯಿಲ್ ಹೀಟರ್ ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ ಅತಿ ಹೆಚ್ಚು ಓಡಾಡುವ 97.2 ಸಿಸಿ ಸ್ಪ್ಲೆಂಡರ್ ಎಂಜಿನ್ನಿನ ಪೂರ್ತಿ ತಾಕತ್ತು 5,900 ವ್ಯಾಟ್, ಅಂದರೆ ಎಂಟು ಅಶ್ವಶಕ್ತಿ. ಊರಿನ ರಸ್ತೆಯಲ್ಲಿ ಅದರ ಕಾಲು ಭಾಗದಷ್ಟೇ ಚಕ್ರಕ್ಕೆ ಸಾಕು. 350 ಸಿಸಿ ಎಂಜಿನ್ನಿಗಂತೂ ಇದು ಕೆಲಸವೇ ಅಲ್ಲ.

ಇನ್ನೊಂದು ಲೆಕ್ಕ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ಶಕ್ತಿ ಇದೆ. 100 ನ್ಯೂಟನ್ ಬಲದಿಂದ ಒಂದು ಕಿಲೋಮೀಟರ್ ತಳ್ಳಲು ಬೇಕಾದದ್ದು ಒಂದು ಲಕ್ಷ ಜೂಲ್. ಭಾಗಿಸಿ ನೋಡಿ, 320 ಬರುತ್ತದೆ. ಪೆಟ್ರೋಲಿನ ಶಕ್ತಿಯೆಲ್ಲ ಚಕ್ರಕ್ಕೆ ತಲುಪಿದ್ದರೆ ಲೀಟರಿಗೆ 320 ಕಿ.ಮೀ. ಓಡಬೇಕಿತ್ತು. ಸಿಗುವುದು 65, 70. ಐದರಲ್ಲಿ ನಾಲ್ಕು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ.

ಅದರಲ್ಲಿ ದೊಡ್ಡ ಪಾಲನ್ನು ಯಾರೂ ಉಳಿಸಲಾರರು. ಶಾಖದಿಂದ ಕೆಲಸ ತೆಗೆಯುವ ಯಾವ ಯಂತ್ರವೂ ಒಂದಷ್ಟು ಶಾಖವನ್ನು ಹೊರಗೆ ಚೆಲ್ಲಲೇಬೇಕು ಎಂಬುದನ್ನು ಫ್ರಾನ್ಸಿನ ಸಾದಿ ಕಾರ್ನೋ 1824ರಲ್ಲೇ ತೋರಿಸಿಕೊಟ್ಟ. ಆಗ ಅವನಿಗೆ 28 ವರ್ಷ. ಪೆಟ್ರೋಲ್ ಎಂಜಿನ್ ಎಂಬುದೇ ಇರಲಿಲ್ಲ; ಆಟೋ ಎಂಬ ಜರ್ಮನ್ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿ ತೋರಿಸಿದ್ದು 1876ರಲ್ಲಿ. ಸೈಲೆನ್ಸರ್ ಮುಟ್ಟಿ ಕಾಲು ಸುಟ್ಟುಕೊಂಡವರೆಲ್ಲ ಕಾರ್ನೋನ ನಿಯಮವನ್ನು ಮುಟ್ಟಿ ನೋಡಿದವರೇ.

ಆದರೆ ಉಳಿಸಬಹುದಾದ ಒಂದು ಸೋರಿಕೆ ಇದೆ. ನನಗೆ ಬಲು ಇಷ್ಟವಾದ ವಿಷಯ ಅದು. 100 ಸಿಸಿ ಗಾಡಿಯ ಗುಟ್ಟೂ ಅದರಲ್ಲೇ ಇದೆ.

ಆಕ್ಸಿಲರೇಟರ್ ಬಿಟ್ಟಾಗ ಏನಾಗುತ್ತದೆ? ಪೆಟ್ರೋಲು ಕಡಿಮೆಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ನಿಮ್ಮ ಕೈ ಮುಚ್ಚುವುದು ಗಾಳಿಯ ಬಾಗಿಲನ್ನು, ಅಂದರೆ ಥ್ರಾಟಲನ್ನು. ಗಾಳಿ ಕಡಿಮೆಯಾದದ್ದನ್ನು ನೋಡಿ ಪೆಟ್ರೋಲೂ ಕಡಿಮೆಯಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಶಕ್ತಿ ಇಳಿಸುವುದೆಂದರೆ ಅದರ ಮೂಗು ಹಿಡಿಯುವುದು. ಒಳಗೆ ಪಿಸ್ಟನ್ ಮಾತ್ರ ಪ್ರತಿ ಸಲವೂ ಪೂರ್ತಿ ಕೆಳಗಿಳಿದು ಉಸಿರು ಎಳೆಯಲೇಬೇಕು.

ಸೂಜಿ ಇಲ್ಲದ ಇಂಜೆಕ್ಷನ್ ಸಿರಿಂಜ್ ತೆಗೆದುಕೊಳ್ಳಿ. ಬಾಯಿಗೆ ಬೆರಳು ಒತ್ತಿ ಹಿಡಿಯನ್ನು ಹಿಂದಕ್ಕೆ ಎಳೆಯಿರಿ. ಕೈ ನೋಯುತ್ತದೆ. ಬೆರಳು ಸ್ವಲ್ಪ ಸಡಿಲಿಸಿ, ಸಲೀಸಾಗುತ್ತದೆ. ಅರ್ಧ ಮುಚ್ಚಿದ ಥ್ರಾಟಲ್ ಎಂದರೆ ಒತ್ತಿ ಹಿಡಿದ ಬೆರಳು. ಎಳನೀರಿನ ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿ ಹೀರಿದರೆ ಕೆನ್ನೆ ಒಳಗೆ ಹೋಗುತ್ತದಲ್ಲ, ಅದೂ ಇದೇ. ತೋಟದವರಿಗೆ ಇನ್ನೊಂದು ಮಾತು: ಏಳೂವರೆ ಎಚ್‌ಪಿ ಮೋಟಾರು ಹಾಕಿ, ಗೇಟ್‌ವಾಲ್ವ್ ಮುಕ್ಕಾಲು ತಿರುಗಿಸಿ ಮುಚ್ಚಿ, ತುಳಸಿಕಟ್ಟೆಗೆ ಒಂದು ಚೊಂಬು ನೀರು ಬಿಡುವವರನ್ನು ಕಂಡರೆ ನೀವು ಸುಮ್ಮನಿರುತ್ತೀರಾ? ಮದುವೆಮನೆಯ ಕೊಪ್ಪರಿಗೆಯಲ್ಲಿ ಒಂದು ಲೋಟ ಹಾಲು ಕಾಯಿಸಿದರೆ ಮೊದಲು ಕಾಯುವುದು ಕೊಪ್ಪರಿಗೆ. ದೊಡ್ಡ ಎಂಜಿನ್ನಿನಲ್ಲಿ ನಿಧಾನವಾಗಿ ಹೋಗುವುದು ಹಾಗೆಯೇ.

ಅಂಕಿಗಳಲ್ಲೂ ನೋಡೋಣ, ಒರಟು ಲೆಕ್ಕ, ಆದರೆ ದಿಕ್ಕು ತೋರಿಸಲು ಸಾಕು. 350 ಸಿಸಿ ಗಾಡಿ 50ರ ವೇಗದಲ್ಲಿ ಹೋಗುವಾಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಒಳಗಿನ ಒತ್ತಡ ಹೊರಗಿನ ವಾಯುಭಾರದ ಶೇ. 40ಕ್ಕೆ ಇಳಿದಿದೆ ಎಂದುಕೊಳ್ಳಿ. ಪಿಸ್ಟನ್ನು ಪ್ರತಿ ಉಸಿರಿಗೆ 21 ಜೂಲ್ ತೆರಬೇಕು. ಫೋರ್-ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ, ಹಾಗಾಗಿ ನಿಮಿಷಕ್ಕೆ 2,500 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 21 ಉಸಿರು. ಬರೀ ಗಾಳಿ ಎಳೆಯುವುದಕ್ಕೇ 440 ವ್ಯಾಟ್! ಗಾಡಿಯನ್ನು ಓಡಿಸಲು ಬೇಕಾದದ್ದು 1,400 ಎಂಬುದು ನೆನಪಿರಲಿ. 97 ಸಿಸಿ ಎಂಜಿನ್ನು ಅದೇ ವೇಗಕ್ಕೆ 4,600 ಸುತ್ತು ತಿರುಗಬಹುದು, ಆದರೆ ಅದರ ಥ್ರಾಟಲ್ ಹೆಚ್ಚು ತೆರೆದಿರುತ್ತದೆ. ಒಳಗೆ ಶೇ. 60ರಷ್ಟು ಒತ್ತಡವಿದ್ದರೆ ಒಟ್ಟು ದಂಡ 150 ವ್ಯಾಟ್ ಮಾತ್ರ. ಅದರ ಬೇರಿಂಗು, ರಿಂಗು, ವಾಲ್ವುಗಳೂ ಚಿಕ್ಕವು, ಉಜ್ಜಾಟವೂ ಕಡಿಮೆ. ಚಿಕ್ಕ ಎಂಜಿನ್ ಪೆಟ್ರೋಲು ಕಡಿಮೆ ಕುಡಿಯುವುದು ಅದು ಬಡಕಲು ಎಂಬ ಕಾರಣಕ್ಕಲ್ಲ. ಅದು ಮೂಗು ಬಿಟ್ಟು ಉಸಿರಾಡುತ್ತಾ ದುಡಿಯುತ್ತದೆ.

ನಮ್ಮ ನಾಡಿನಲ್ಲಿ ಮೋಟಾರ್‌ಸೈಕಲ್ಲಿನ ಮೇಲಿನ ಪ್ರೀತಿ ಶುರುವಾದದ್ದು ಮೈಲೇಜಿನಿಂದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. ಆಮೇಲೆ ಯೆಜ್ಡಿ ಬಂತು. 250 ಸಿಸಿ ಟೂ-ಸ್ಟ್ರೋಕ್ ಗಾಡಿಗಳು. ಆ ಸದ್ದು ಕೇಳಿದರೆ ಇಂದಿಗೂ ತಿರುಗಿ ನೋಡುವವರಿದ್ದಾರೆ, ನಾನೂ ಒಬ್ಬ. ಆದರೆ ಟೂ-ಸ್ಟ್ರೋಕಿನಲ್ಲಿ ಹೊಸ ಮಿಶ್ರಣ ಒಳಗೆ ಬರುವ ಕಿಂಡಿ ಮತ್ತು ಸುಟ್ಟ ಹೊಗೆ ಹೊರಹೋಗುವ ಕಿಂಡಿ ಎರಡೂ ಒಂದೇ ಹೊತ್ತಿಗೆ ತೆರೆದಿರುತ್ತವೆ. ಸುಡದ ಪೆಟ್ರೋಲಿನ ಒಂದು ಪಾಲು ನೇರ ಸೈಲೆನ್ಸರಿಗೆ ಹೋಗುತ್ತದೆ. ಮುಂಬಾಗಿಲಿನಿಂದ ಬಂದ ನೆಂಟರು ಊಟಕ್ಕೆ ಕೂರದೆ ಹಿತ್ತಲ ಬಾಗಿಲಿನಿಂದ ಹೋದ ಹಾಗೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಆ ಕಾಲದ ಟೂ-ಸ್ಟ್ರೋಕ್ 100 ಸಿಸಿ ಗಾಡಿಗಳ ನಡುವೆ ನಿಂತ ಫೋರ್-ಸ್ಟ್ರೋಕ್; ಅದರಲ್ಲಿ ಈ ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆ. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅರ್ಥದ ಅದರ ಜಾಹೀರಾತು ಮನೆಮಾತಾಯಿತು. ಮುಂದಕ್ಕೆ ಮಲಗಿದಂತಿರುವ ಅದರ ಎಂಜಿನ್ನು ಹೋಂಡಾ 1958ರಲ್ಲಿ ತಂದ ಸೂಪರ್ ಕಬ್ ಎಂಬ ಪುಟ್ಟ ಗಾಡಿಯ ವಂಶದ್ದು. ಸೂಪರ್ ಕಬ್ 2017ರ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಕೋಟಿ ದಾಟಿತ್ತು. 1994ರಲ್ಲಿ ಬಂದ ಸ್ಪ್ಲೆಂಡರ್ ಅದೇ ವಂಶವನ್ನು ಮುಂದುವರಿಸಿತು. ಹಳ್ಳಿಯ ಮರದಡಿಯ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವಷ್ಟು ಪಳಗಿದ ಎಂಜಿನ್. ಬಾಳಿಕೆ ಎಂಬ ಮಾತು ಬಂದಾಗ ನಾನು ಮೊದಲು ನೋಡುವುದು ಇದನ್ನೇ: ನಿಮ್ಮ ಹೋಬಳಿಯಲ್ಲಿ ಅದರ ಕ್ಲಚ್ ಕೇಬಲ್ಲು, ಚೈನ್ ಸೆಟ್ಟು ಸಿಗುತ್ತದೆಯೇ?

ಹಾಗಾದರೆ ಎಲ್ಲರೂ 100 ಸಿಸಿ ಕೊಳ್ಳಬೇಕೆ? ಇಲ್ಲ, ಹೊಂದಾಣಿಕೆ ಎರಡೂ ಕಡೆಯಿಂದ ಇರಬೇಕು. ವೇಗ 50ರಿಂದ 70ಕ್ಕೆ ಏರಿದರೆ ಎದುರುಗಾಳಿಯ ತಡೆ ಎರಡರಷ್ಟಾಗುತ್ತದೆ. 80ಕ್ಕೆ ಹೋದರೆ ಚಕ್ರಕ್ಕೆ ಬೇಕಾದ ಶಕ್ತಿ 4,400 ವ್ಯಾಟ್. 5,900ರ ಎಂಜಿನ್ನಿಗೆ ಅದು ಉಸಿರುಗಟ್ಟುವ ದುಡಿತ. ಥ್ರಾಟಲ್ ಪೂರ್ತಿ ತೆರೆದಾಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲೂ ಏರುತ್ತದೆ, ಎಂಜಿನ್ ಕಾಯುತ್ತದೆ, ಸವೆಯುತ್ತದೆ. ದಿನಾ ಹೆದ್ದಾರಿಯಲ್ಲಿ 70 ದಾಟಿ ಹೋಗುವವರು, ಹೆಂಡತಿ ಮಗುವನ್ನು ಕೂರಿಸಿಕೊಂಡು ಘಾಟಿ ಹತ್ತುವವರು 125 ಸಿಸಿಯನ್ನೇ ಕೊಳ್ಳಬೇಕು. ಶೈನ್ 125ರಂಥ ಗಾಡಿಯಲ್ಲಿ 7,900 ವ್ಯಾಟ್ ಇದೆ. ಆ ಓಟಕ್ಕೆ ಅದು ಹದವಾದ ಹೊರೆ. ಹತ್ತಕ್ಕೆ ಒಂದು ಏರಿನ ರಸ್ತೆಯಲ್ಲಿ ಸವಾರನೂ ಸೇರಿ 180 ಕಿಲೋ ತೂಗುವ ಗಾಡಿಯನ್ನು ಗುರುತ್ವವೊಂದೇ 176 ನ್ಯೂಟನ್ ಹಿಂದಕ್ಕೆ ಎಳೆಯುತ್ತದೆ. 50ರ ವೇಗದಲ್ಲಿ ಸಮತಟ್ಟಿನ ಎಲ್ಲ ತಡೆಯನ್ನೂ ಕೂಡಿಸಿದರೂ ಅದಕ್ಕೆ ಸಮನಾಗದು.

ಬೆಂಗಳೂರಿನ ಸಿಗ್ನಲ್ಲುಗಳ ನಡುವಿನ ಓಟದ ಲೆಕ್ಕ ಬೇರೆ. ಗಂಟೆಗೆ 40 ಕಿ.ಮೀ. ವೇಗದಿಂದ ಒಮ್ಮೆ ಬ್ರೇಕ್ ಹಾಕಿ ನಿಲ್ಲಿಸಿದರೆ 11,000 ಜೂಲ್ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅಷ್ಟರಲ್ಲಿ ಅದೇ ವೇಗದಲ್ಲಿ 140 ಮೀಟರ್ ಸಾಗಬಹುದಿತ್ತು. ದೂರದಲ್ಲಿ ಕೆಂಪು ಕಂಡಾಗಲೇ ಕೈ ಸಡಿಲಿಸುವವರ ಗಾಡಿ ಹೆಚ್ಚು ಓಡುತ್ತದೆ. ಜನ ಕೈಗುಣ ಎನ್ನುವುದು ಇದಕ್ಕಿರಬೇಕು. ನಿಲ್ಲಿಸು-ಹೊರಡಿಸು ಓಟದಲ್ಲಿ ತೂಕಕ್ಕೆ ಬೆಲೆ ಹೆಚ್ಚು, ಆದ್ದರಿಂದ ಹಗುರ ಗಾಡಿಯೇ ಮೇಲು.

ಇನ್ನು ನಾನು ದಿನಾ ಕೇಳುವ ಕೆಲವು ತಪ್ಪು ತಿಳಿವಳಿಕೆಗಳು. ಹೆಚ್ಚು ಬೆಲೆಯ, ಹೆಚ್ಚು ಆಕ್ಟೇನಿನ ಪೆಟ್ರೋಲು ಹಾಕಿಸಿದರೆ ಮೈಲೇಜು ಏರುವುದಿಲ್ಲ. ಆಕ್ಟೇನ್ ಎಂಬುದು ಒತ್ತಡಕ್ಕೆ ತಾನಾಗಿ ಹೊತ್ತಿಕೊಳ್ಳದಿರುವ ಗುಣದ ಅಳತೆ, ಶಕ್ತಿಯ ಅಳತೆಯಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತದಿಂದ ಏನೂ ಆಗುವುದಿಲ್ಲ, ದಯವಿಟ್ಟು ಕೊಳ್ಳಬೇಡಿ. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಬರುತ್ತದೆ ಎನ್ನುತ್ತಾರೆ, ಆದರೆ ಬಂಕಿನ ಟ್ಯಾಂಕು ನೆಲದಡಿಯಲ್ಲಿದೆ. ಹಗಲು ರಾತ್ರಿಯ ಬಿಸಿಲು ಚಳಿ ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಒಂದು ದೂರು ಮಾತ್ರ ನಿಜ: ಶೇ. 20 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಶೇ. 6-7ರಷ್ಟು ಶಕ್ತಿ ಕಡಿಮೆ. ಗಾಡಿ ಕೆಟ್ಟಿದೆ ಎಂದು ಮೆಕ್ಯಾನಿಕ್ಕಿನ ಹತ್ತಿರ ಓಡುವ ಮೊದಲು ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸುವುದು ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವ ಚಾಳಿ. ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಎಂಜಿನ್ ಆಫ್ ಮಾಡಿ ಜಾರುವವರನ್ನೂ ಕಂಡಿದ್ದೇನೆ. 2020ರ ಏಪ್ರಿಲ್‌ನಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂದ ಮೇಲೆ ಬಹುಪಾಲು ಹೊಸ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ಬಂದಿದೆ. ಗೇರಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಥ ಎಂಜಿನ್ನುಗಳು ಸಾಮಾನ್ಯವಾಗಿ ಪೆಟ್ರೋಲನ್ನೇ ನಿಲ್ಲಿಸುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಬದುಕಿರಲು ಪೆಟ್ರೋಲು ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತವೂ ಇಲ್ಲ, ಇಡೀ ಭಾರ ಕಾದ ಬ್ರೇಕಿನ ಮೇಲೆ. ಮೇಲೆ ನಾನು ಸೋರಿಕೆ ಎಂದು ಬೈದ ಆ ಮೂಗು ಹಿಡಿದ ಉಸಿರಾಟವೇ ಇಳಿಜಾರಿನಲ್ಲಿ ನಿಮ್ಮನ್ನು ಹಿಂದಕ್ಕೆ ಹಿಡಿದು ಕಾಪಾಡುವುದು.

ಅಕ್ಕನ ಮಗನ ದಾರಿ ಹೆಚ್ಚುಕಡಿಮೆ ಸಮತಟ್ಟು, ಒಬ್ಬನೇ ಸವಾರ, 50-55ರಲ್ಲಿ ಹೋಗುವ ಹುಡುಗ. 100 ಸಿಸಿ ಸಾಕು ಎಂದೆ. ಕರಪತ್ರದ ಮೈಲೇಜು ನೋಡಬೇಡ, ಅದನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ರೋಲರುಗಳ ಮೇಲೆ. ಅಲ್ಲಿ ಗುಬ್ಬಿಯ ಹಂಪುಗಳಿಲ್ಲ ಎಂದೂ ಹೇಳಿದೆ. 18 ಇಂಚಿನ ಚಕ್ರ, ಸಣ್ಣ ಟೈರು, 112 ಕಿಲೋ ಆಸುಪಾಸಿನ ತೂಕ ಇರಲಿ. ಶೋಕಿಗೆ ಅಗಲ ಟೈರು ಹಾಕಿಸಬೇಡ. ವಾರಕ್ಕೊಮ್ಮೆ ಗಾಳಿ ನೋಡು: ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಬಿಸಿಯಾಗುತ್ತದೆ, ಆ ಬಿಸಿ ನಿನ್ನ ಟ್ಯಾಂಕಿನಿಂದಲೇ ಬಂದದ್ದು. ಚೈನಿಗೆ ಎಣ್ಣೆ ಬಿಡು, ಎಂಜಿನ್ ಆಯಿಲನ್ನು ಹೇಳಿದ ಹೊತ್ತಿಗೆ ಬದಲಿಸು.

ಗಾಡಿ ಬಂತು. ಅಜ್ಜಿ ನಿಂಬೆಹಣ್ಣು ಇಡಿಸಿದರು, ಅವರ ಸಮಾಧಾನಕ್ಕೆ ನಾನೂ ನಿಂತೆ. ಆಮೇಲೆ ಹುಡುಗನನ್ನು ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋದೆ. ಷೋರೂಮಿನಿಂದ ಆಗತಾನೇ ಬಂದ ಗಾಡಿಯ ಹಿಂದಿನ ಟೈರಿನಲ್ಲಿ ಹೇಳಿದ್ದಕ್ಕಿಂತ ಆರು ಪೌಂಡ್ ಗಾಳಿ ಕಡಿಮೆ ಇತ್ತು. ತುಂಬಿಸಿದೆವು. ಅಲ್ಲಿಂದ ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿ ಮೀಟರ್ ಬರೆದುಕೊಂಡೆವು. "ಇದೇ ಬಂಕಿನಲ್ಲಿ, ಹೀಗೇ ಸೆಂಟರ್ ಸ್ಟ್ಯಾಂಡ್ ಹಾಕಿ, ಇದೇ ಮಟ್ಟಕ್ಕೆ ಮತ್ತೆ ತುಂಬಿಸು. ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸು. ಮೊದಲೆರಡು ಸಲದ್ದನ್ನು ಯಾರಿಗೂ ಹೇಳಬೇಡ, ಮೂರನೆಯದನ್ನು ಪಕ್ಕದ ಮನೆಯವರಿಗೆ ಹೇಳು" ಎಂದೆ.