ಹ್ಯೂಗೋ ತಾಣದಲ್ಲಿ ಕೋಡ್‌ಗೆ ಬಣ್ಣವೇ ಬರುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಬರಹದ ಕಡತಗಳಿಂದ ಜಾಲತಾಣ ಸಿದ್ಧಪಡಿಸುವ ಹ್ಯೂಗೋ ತಂತ್ರಾಂಶ ಬಳಸಿ ನನ್ನ ತಾಣ ಕಟ್ಟಿದ್ದೇನೆ. ಬರಹವೆಲ್ಲ ಸರಿಯಾಗಿ ಕಾಣುತ್ತದೆ, ಕೋಡ್ ಬ್ಲಾಕ್‌ಗಳು ಮಾತ್ರ ಒಂದೇ ಬಣ್ಣದಲ್ಲಿವೆ. ಮೂರು ಥೀಮ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಮೊದಲು ಥೀಮ್ ಬದಲಿಸುವುದನ್ನು ನಿಲ್ಲಿಸಿ. ನಿಮ್ಮ ತೊಂದರೆ ಅದರಿಂದಲೇ ಹುಟ್ಟಿರುವ ಸಾಧ್ಯತೆ ಇದೆ, ಹೇಗೆಂದು ಹೇಳುತ್ತೇನೆ.

ತಾಣ ಸಿದ್ಧವಾಗುವ ಹೊತ್ತಿನಲ್ಲೇ ಹ್ಯೂಗೋದೊಳಗಿನ ಕ್ರೋಮಾ ಎಂಬ ಲೈಬ್ರರಿ ಕೋಡನ್ನು ಬಿಡಿಬಿಡಿಯಾಗಿ ಒಡೆದು, ಇದು ಕೀವರ್ಡ್, ಇದು ಸ್ಟ್ರಿಂಗ್, ಇದು ಕಾಮೆಂಟ್ ಎಂದು ಒಂದೊಂದನ್ನೂ ಸ್ಪ್ಯಾನ್ ಎಂಬ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಸುತ್ತುತ್ತದೆ. ಅದು ನಡೆದಿದೆಯೇ ಎಂಬುದನ್ನು ಕಣ್ಣಾರೆ ನೋಡಬಹುದು. ಬಣ್ಣವಿಲ್ಲದ ಒಂದು ಪದದ ಮೇಲೆ ಬಲ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆಯಿರಿ.

ಸ್ಪ್ಯಾನ್ ಇಲ್ಲದಿದ್ದರೆ ಕ್ರೋಮಾ ಆ ಕೋಡನ್ನು ಮುಟ್ಟಿಲ್ಲ. ಕೋಡ್ ಬ್ಲಾಕ್ ಶುರುಮಾಡುವ ಮೂರು ಬ್ಯಾಕ್‌ಟಿಕ್ (`) ಚಿಹ್ನೆಗಳ ಬೆನ್ನಿಗೇ ಬರೆಯಬೇಕಾದ ಭಾಷೆಯ ಹೆಸರು ಬಿಟ್ಟುಹೋಗಿರಬೇಕು ಅಥವಾ ತಪ್ಪಾಗಿರಬೇಕು. ಹೆಸರು ಕೊಡದಿದ್ದರೆ ಭಾಷೆಯನ್ನು ತಾನಾಗಿ ಊಹಿಸುವುದು ಹ್ಯೂಗೋದ ಮೂಲ ಸೆಟ್ಟಿಂಗ್‌ನಲ್ಲಿಲ್ಲ. ಪೈಥಾನ್ ಎಂಬ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅದು ದೂರುವುದಿಲ್ಲ, ಬರೀ ಪಠ್ಯವೆಂದು ಸುಮ್ಮನೆ ಇಳಿಸಿಬಿಡುತ್ತದೆ.

ಸ್ಪ್ಯಾನ್ ಇದ್ದು, ಅದಕ್ಕೆ 'ಕೆ', 'ಸಿ1', 'ಎಂಐ' ಎಂಬಂಥ ಚುಟುಕು ಕ್ಲಾಸ್ ಹೆಸರುಗಳಿದ್ದರೆ? ನಿಮ್ಮದು ಇದೇ ಎಂಬುದು ನನ್ನ ಅಂದಾಜು. 'ಕೆ' ಎಂದರೆ ಕೀವರ್ಡ್, 'ಸಿ1' ಎಂದರೆ ಒಂದು ಸಾಲಿನ ಕಾಮೆಂಟ್, 'ಎಂಐ' ಎಂದರೆ ಪೂರ್ಣಾಂಕ. ಗುರುತು ಬಿದ್ದಿದೆ, ಬಣ್ಣ ಬಳಿಯುವ ಸಿಎಸ್‌ಎಸ್ ಇಲ್ಲ. ಹ್ಯೂಗೋ ತನ್ನಷ್ಟಕ್ಕೆ ಬಣ್ಣವನ್ನು ಸ್ಪ್ಯಾನಿನೊಳಗೇ ಬರೆಯುತ್ತದೆ. ಆದರೆ ಕಾನ್ಫಿಗ್ ಕಡತದಲ್ಲಿ 'ನೋಕ್ಲಾಸಸ್' ಎಂಬುದಕ್ಕೆ 'ಫಾಲ್ಸ್' ಎಂದಿದ್ದರೆ ಕ್ಲಾಸ್ ಹೆಸರನ್ನಷ್ಟೇ ಕೊಟ್ಟು, ಬಣ್ಣವನ್ನು ನಿಮಗೆ ಬಿಡುತ್ತದೆ. ಹಗಲು ಮತ್ತು ಇರುಳಿನ ಬಣ್ಣಗಳೆರಡನ್ನೂ ಕೊಡುವ ಥೀಮ್‌ಗಳಿಗೆ ಈ ಸಾಲು ಬೇಕಾಗುತ್ತದೆ. ಅಂಥ ಥೀಮಿನ ಮಾದರಿ ಕಾನ್ಫಿಗ್ ನಕಲು ಮಾಡಿದಾಗ ಅದೂ ನಿಮ್ಮ ಕಡತಕ್ಕೆ ಬಂದು ಕೂರುತ್ತದೆ. ಆಮೇಲೆ ಥೀಮ್ ಬದಲಿಸಿದರೆ ಹಳೆಯ ಥೀಮಿನ ಜೊತೆ ಸಿಎಸ್‌ಎಸ್ ಹೊರಟುಹೋಗುತ್ತದೆ, ಸಾಲು ಮಾತ್ರ ಉಳಿಯುತ್ತದೆ.

ಆ ಸಾಲನ್ನು ಅಳಿಸಿದರೆ ಬಣ್ಣ ಮರಳಿ ಬರುತ್ತದೆ. ಕ್ಲಾಸ್‌ಗಳೇ ಬೇಕೆಂದರೆ 'ಹ್ಯೂಗೋ ಜೆನ್ ಕ್ರೋಮಾಸ್ಟೈಲ್ಸ್' ಆಜ್ಞೆಗೆ ಮೊನೊಕೈ, ಡ್ರಾಕುಲಾದಂಥ ಶೈಲಿಯ ಹೆಸರು ಕೊಟ್ಟು ಓಡಿಸಿ, ಅದು ಉಗುಳುವ ಸಿಎಸ್‌ಎಸ್ ಅನ್ನು ಒಂದು ಕಡತದಲ್ಲಿ ಉಳಿಸಿ, ಪುಟದ ಹೆಡ್ ಭಾಗದಲ್ಲಿ ಜೋಡಿಸಿ. ಈ ದಾರಿ ಹಿಡಿದ ಮೇಲೆ ಕಾನ್ಫಿಗ್‌ನಲ್ಲಿ ಶೈಲಿಯ ಹೆಸರು ಬದಲಿಸಿದರೆ ಬಣ್ಣ ಬದಲಾಗುವುದಿಲ್ಲ. ಆಜ್ಞೆಯನ್ನೇ ಮತ್ತೆ ಓಡಿಸಬೇಕು.

ಸ್ಪ್ಯಾನಿನಲ್ಲಿ ಬಣ್ಣ ಬರೆದಿದ್ದರೂ ಕಾಣದಿದ್ದರೆ, ಥೀಮಿನ ಸಿಎಸ್‌ಎಸ್ ಅದನ್ನು ತುಳಿದಿರುತ್ತದೆ, ಇಲ್ಲವೇ ಸರ್ವರಿನ ಭದ್ರತಾ ನೀತಿ ಒಳಗೆ ಬರೆದ ಶೈಲಿಗಳನ್ನು ತಡೆದಿರುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಬಣ್ಣವಿದ್ದು, ಪ್ರಕಟಿಸಿದ ಮೇಲೆ ಮಾಯವಾದರೆ ಇನ್‌ಸ್ಪೆಕ್ಟ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಬಣ್ಣದ ಸಿಎಸ್‌ಎಸ್ ಕಡತ 404, ಅಂದರೆ ಸಿಗಲಿಲ್ಲ, ಎನ್ನುತ್ತಿದೆಯೇ ನೋಡಿ. ತಾಣ ಉಪಫೋಲ್ಡರಿನಲ್ಲಿದ್ದಾಗ ಹೀಗಾಗುವುದು ಹೆಚ್ಚು.

ಇನ್ನೊಂದು ಮಾತು. ಕೋಡ್‌ಗೆ ಬಣ್ಣ ಹಚ್ಚಲು ಪಿಗ್ಮೆಂಟ್ಸ್ ಎಂಬ ಬೇರೆ ತಂತ್ರಾಂಶ ಹಾಕಿಕೊಳ್ಳಿ ಎನ್ನುವ ಹಳೆಯ ಸೂಚನೆಗಳನ್ನು ನಂಬಬೇಡಿ. 2017ರಲ್ಲಿ ಬಂದ 0.28ನೇ ಆವೃತ್ತಿಯಿಂದ ಆ ಕೆಲಸವನ್ನು ಕ್ರೋಮಾ ಮಾಡುತ್ತಿದೆ. ಹಾಗೆಂದು ಬಣ್ಣದ ಗೊಡವೆಯೇ ಬೇಡವೆಂದು ಕೈಬಿಡಬೇಡಿ. ಹೊಸದಾಗಿ ಕೋಡ್ ಕಲಿಯುವವರಿಗೆ ಅದು ಅಲಂಕಾರವಲ್ಲ. ಮುಚ್ಚದೆ ಬಿಟ್ಟ ಒಂದು ಉದ್ಧರಣ ಚಿಹ್ನೆಯನ್ನು ಅವರ ಕಣ್ಣಿಗೆ ಮೊದಲು ತೋರಿಸುವುದು ಬಣ್ಣವೇ.