ಹೂ ಬಿಟ್ಟರೆ ಸಾಲದು, ಕಾಯಿ ಕಟ್ಟಬೇಕು

ತರಕಾರಿ ಬೀಜೋತ್ಪಾದನೆಯ ಕೆಲಸದಲ್ಲಿರುವ ನನ್ನನ್ನು ಜನ ಜಾಸ್ತಿ ಕೇಳುವುದು ಇದನ್ನೇ: "ಕುಂಬಳ ಬಳ್ಳಿ ತುಂಬ ಹೂ ಬಿಟ್ಟಿದೆ, ಒಂದೂ ಕಾಯಿ ಕಟ್ಟುತ್ತಿಲ್ಲ. ಯಾವ ಗೊಬ್ಬರ ಹಾಕಲಿ?"

ಗೊಬ್ಬರದ ಮಾತು ಆಮೇಲೆ. ಮೊದಲು ಹೂವಿನ ಬುಡ ನೋಡಿ. ಅಲ್ಲಿ ಬರೀ ಉದ್ದನೆಯ ತೊಟ್ಟಿದ್ದರೆ ಅದು ಗಂಡು ಹೂ. ಪುಟ್ಟ ಹೀಚು ಇದ್ದರೆ ಹೆಣ್ಣು ಹೂ. ಬಳ್ಳಿಯಲ್ಲಿ ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ. ಅವು ಉದುರಿದರೆ ಗಾಬರಿ ಬೇಡ. ಹೆಣ್ಣು ಹೂ ಬಂದ ಮೇಲೂ ಹೀಚು ಹಳದಿಯಾಗಿ ಬಿದ್ದುಹೋಗುತ್ತಿದ್ದರೆ, ಪರಾಗ ಸಾಲದೆ ಹೋಗಿರಬೇಕು ಅನ್ನುವುದೇ ನನ್ನ ಮೊದಲ ಅನುಮಾನ.

ಕುಂಬಳದ ಪರಾಗ ಭಾರ, ಅಂಟಂಟು. ಗಾಳಿಗೆ ಹಾರುವುದಿಲ್ಲ, ಜೇನುನೊಣಗಳೇ ಹೊತ್ತು ತರಬೇಕು. ಹೂ ಅರಳುವುದು ಬೆಳಗಿನ ಜಾವ. ಮಧ್ಯಾಹ್ನದ ಹೊತ್ತಿಗೆ ಮುದುಡಿದರೆ ಮತ್ತೆ ತೆರೆಯುವುದಿಲ್ಲ. ಅಷ್ಟರೊಳಗೆ ನೂರಾರು ಪರಾಗ ಕಣಗಳು ಬಂದು ಕೂರಬೇಕು, ಯಾಕೆಂದರೆ ಒಳಗೆ ಆಗುವ ಒಂದೊಂದು ಬೀಜಕ್ಕೂ ಒಂದೊಂದು ಕಣ ಬೇಕು. ಕಣ ಕಡಿಮೆಯಾದರೆ ಕಾಯಿ ಸೊಟ್ಟಗಾಗುತ್ತದೆ, ಇಲ್ಲವೇ ಉದುರುತ್ತದೆ. ಜೇನು ಕಾಣದಿದ್ದರೆ ನೀವೇ ಆ ಕೆಲಸ ಮಾಡಬಹುದು. ಬೆಳಿಗ್ಗೆ ಗಂಡು ಹೂ ಕಿತ್ತು, ದಳ ತೆಗೆದು, ನಡುವಿನ ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ.

ಪರಾಗ ಬಿದ್ದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಶುರುವಾಗುವುದೇ ಆಗ. ಇದನ್ನು ಚೆನ್ನಾಗಿ ತೋರಿಸುವುದು ಮೆಕ್ಕೆಜೋಳ. ತೆನೆಯ ತುದಿಯಲ್ಲಿ ಇಳಿಬಿದ್ದಿರುವ ನವಿರಾದ ಎಳೆಗಳನ್ನು ನೋಡಿರುತ್ತೀರಿ. ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿನ ಜಾಗಕ್ಕೆ ಸೇರಿರುತ್ತದೆ. ಗಾಳಿಯಲ್ಲಿ ಬಂದ ಪರಾಗ ಕಣ ಎಳೆಗೆ ಅಂಟಿದೊಡನೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆ ಬೆಳೆಸುತ್ತದೆ. ಆ ಕೊಳವೆ ಎಳೆಯ ಉದ್ದಕ್ಕೂ ಒಳಗೊಳಗೇ ಇಳಿದು, ಸುಮಾರು ಒಂದು ದಿನದಲ್ಲಿ ಬುಡ ಮುಟ್ಟುತ್ತದೆ. ಸಿಪ್ಪೆ ಸುಲಿದಾಗ ತೆನೆಯಲ್ಲಿ ಅಲ್ಲಲ್ಲಿ ಕಾಳಿಲ್ಲದೆ ಖಾಲಿ ಕಂಡರೆ, ಬಹಳ ಸಲ ಆ ಜಾಗದ ಎಳೆಗೆ ಪರಾಗ ಸಿಕ್ಕಿರುವುದಿಲ್ಲ.

ಕೊಳವೆಯೊಳಗೆ ಸಾಗುವುದು ಎರಡು ಗಂಡು ಕೋಶ. ಒಂದು ಅಂಡದ ಜೊತೆ ಸೇರಿ ಮರಿಗಿಡದ ಮೊಳಕೆಯಾಗುತ್ತದೆ. ಇನ್ನೊಂದು ಪಕ್ಕದ ಕೋಶದ ಜೊತೆ ಸೇರಿ ಆ ಮೊಳಕೆಗೆ ಬೇಕಾದ ಆಹಾರವಾಗುತ್ತದೆ. ಈ ಜೋಡಿ ಕೂಡುವಿಕೆಯನ್ನು 1898ರಲ್ಲಿ ಲಿಲ್ಲಿ ಹೂಗಳಲ್ಲಿ ಕಂಡವರು ರಷ್ಯಾದ ಸೆರ್ಗೈ ನವಾಷಿನ್. ಅಕ್ಕಿಯಲ್ಲಿ ನಾವು ಉಣ್ಣುವ ಬಿಳಿ ಭಾಗ, ಗೋಧಿಯ ಹಿಟ್ಟು, ತೆಂಗಿನ ನೀರು, ಕೊಬ್ಬರಿ ಎಲ್ಲವೂ ಆ ಎರಡನೆಯ ಕೂಡುವಿಕೆಯ ಫಲ. ಪೈನ್ ಜಾತಿಯ ಮರಗಳು ಬೀಜದ ಬುತ್ತಿಯನ್ನು ಮೊದಲೇ ತಯಾರು ಮಾಡತೊಡಗುತ್ತವೆ. ಹೂಗಿಡಗಳು ಹಾಗಲ್ಲ, ಅಂಡ ಫಲಿಸಿದ ಮೇಲಷ್ಟೇ ಬುತ್ತಿ ಕಟ್ಟುತ್ತವೆ. ಇಷ್ಟು ಅಚ್ಚುಕಟ್ಟಾದ ಲೆಕ್ಕಾಚಾರ ನನಗೆ ಇವತ್ತಿಗೂ ಬೆರಗು.

ಬೀಜ ಬಲಿತ ಮೇಲೆ ಅದು ದೂರ ಹೋಗಬೇಕು. ತಾಯಿಯ ನೆರಳಲ್ಲಿ ಬಿದ್ದರೆ ಬಿಸಿಲಿಲ್ಲ, ಜೊತೆಗೆ ತಾಯಿಗೆ ಬಂದ ಹುಳು, ರೋಗ ಮರಿಗೂ ತಗಲುತ್ತದೆ. ಎಕ್ಕದ ಬೀಜ ರೇಷ್ಮೆ ಕೂದಲು ಕಟ್ಟಿಕೊಂಡು ಗಾಳಿಗೆ ತೇಲುತ್ತದೆ, ತೆಂಗಿನಕಾಯಿ ನೀರಿನ ಮೇಲೆ. ಉತ್ತರಾಣಿ ನಮ್ಮ ಬಟ್ಟೆಗೇ ಅಂಟಿಕೊಂಡು ಬರುತ್ತದೆ. ಕರ್ಣಕುಂಡಲದ ಬಲಿತ ಕಾಯಿಯನ್ನು ಸುಮ್ನೆ ಮುಟ್ಟಿದರೆ ಸಾಕು, ಗೋಡೆಗಳು ಥಟ್ಟನೆ ಸುರುಳಿಯಾಗಿ ಬೀಜ ಸಿಡಿಯುತ್ತದೆ.

ಮೆಣಸಿನಕಾಯಿಯದು ಇನ್ನೂ ಸೂಕ್ಷ್ಮ. ಇಲಿಯಂಥ ಪ್ರಾಣಿಗಳು ಬೀಜವನ್ನು ಹಲ್ಲಿನಲ್ಲಿ ಅರೆದು ಹಾಳು ಮಾಡುತ್ತವೆ. ಹಕ್ಕಿಗಳಿಗೆ ಹಲ್ಲಿಲ್ಲ, ಬೀಜ ಇಡಿಯಾಗಿ ಹೊರಬಂದು ಮೊಳೆಯುತ್ತದೆ. ಖಾರ ಉರಿಯುವುದು ಇಲಿಗೆ, ನಮಗೆ. ಹಕ್ಕಿಗೆ ಗೊತ್ತೇ ಆಗುವುದಿಲ್ಲ! ಕೆಂಪು ಬಣ್ಣ ಮಾತ್ರ ಅದರ ಕಣ್ಣಿಗೆ ಚೆನ್ನಾಗಿ ಬೀಳುತ್ತದೆ.

ಮನೆಯಲ್ಲೇ ಬೀಜ ಮಾಡಿಕೊಳ್ಳುವವರು ಈ ಬಣ್ಣವನ್ನು ಗಮನಿಸಬೇಕು. ಸೌತೆ, ಬದನೆಯನ್ನು ನಾವು ಎಳೆಯದರಲ್ಲೇ ಕೀಳುತ್ತೇವೆ. ಆಗ ಬೀಜ ಬಲಿತಿರುವುದಿಲ್ಲ, ಬಿತ್ತಿದರೆ ಮೊಳೆಯುವುದಿಲ್ಲ. ಬೀಜಕ್ಕೆಂದು ಬಿಟ್ಟ ಕಾಯಿಯ ಬಣ್ಣ ಪೂರ್ತಿ ತಿರುಗುವವರೆಗೆ ಗಿಡದಲ್ಲೇ ಇರಲಿ.

ಪಕ್ಕದಲ್ಲಿ ಬೇರೆ ತಳಿ ಇದ್ದರೆ ಈ ಸಲದ ಕಾಯಿ ಕೆಡುತ್ತದೆಯೇ ಎಂದೂ ಕೇಳುತ್ತಾರೆ. ಕುಂಬಳ, ಸೌತೆಯಲ್ಲಿ ಇಲ್ಲ. ತಿರುಳು ತಾಯಿಯದೇ ಭಾಗ, ಬೆರಕೆ ಆಗುವುದು ಬೀಜದೊಳಗೆ. ಅದು ಕಾಣುವುದು ಆ ಬೀಜ ಬಿತ್ತಿ ಬೆಳೆದ ಗಿಡದಲ್ಲಿ. ಮೆಕ್ಕೆಜೋಳದಲ್ಲಿ ಹಾಗಲ್ಲ. ಅಲ್ಲಿ ನಾವು ತಿನ್ನುವುದೇ ಬೀಜ, ಅದರ ಬುತ್ತಿಯಲ್ಲಿ ತಂದೆಯ ಪಾಲೂ ಇದೆ. ಹಾಗಾಗಿ ಹಳದಿ ಕಾಳಿನ ತಳಿಯ ಪರಾಗ ಬಿಳಿ ಕಾಳಿನ ತಳಿಗೆ ಬಿದ್ದರೆ, ಅದೇ ತೆನೆಯಲ್ಲಿ ನಡುನಡುವೆ ಹಳದಿ ಕಾಳು ಕಾಣಿಸುತ್ತದೆ.